ಆರೂವರೆಯ ನೀರಿನ ಸುದ್ದಿ

ಹುಕ್ಕೇರಿ
೮ ಜನವರಿ ೨೦೨೪

ಆಮ್ರಪಾಲಿಗೆ,
ಜೈ ಭೀಮ್.

ಫೋನು ಮಾಡಿದರೆ "ಮೀಟಿಂಗಿನ್ಯಾಗ ಅದೀನ್ರಿ ಕಾಕಾ" ಎನ್ನುತ್ತೀ. ಮೆಸೇಜು ಹಾಕಿದರೆ ಕೈ ಮುಗಿದ ಚಿತ್ರ ಒಂದು ಬರುತ್ತದೆ, ಮುಂದೆ ಏನೂ ಇಲ್ಲ. ಅದಕ್ಕೇ ಕಾಗದ. ಕಾಗದಕ್ಕೆ ಕಾಗದದಲ್ಲೇ ಉತ್ತರ ಬರೆಯಬೇಕೆಂಬುದು ನಮ್ಮ ಹೊಳೆದಂಡೆ ಬಾನುಲಿಯ ಹಳೆಯ ಕಾಯ್ದೆ. ಮಾಲಿಂಗಪ್ಪ ಮಾಸ್ತರರು ಇದ್ದಾಗ ಕೇಳುಗರ ಒಂದು ಕಾರ್ಡೂ ಮೇಜಿನ ಮೇಲೆ ಎರಡು ದಿನ ಬಿದ್ದಿರುತ್ತಿರಲಿಲ್ಲ. ಈಗ ನೀನು ಅಲ್ಲಿ ಕಾರ್ಯಕ್ರಮ ಮುಖ್ಯಸ್ಥೆ, ನಾನು ಬರೀ ಕೇಳುಗ. ಕೇಳುಗನಾಗಿಯೇ ಕೇಳುತ್ತೇನೆ: ಬೆಳಿಗ್ಗೆ ಆರೂವರೆಯ ನೀರಿನ ಸುದ್ದಿ ಎಲ್ಲಿ ಹೋಯಿತು?

ಹುಕ್ಕೇರಿಯಲ್ಲಿ ನಿಮ್ಮ ಸ್ಟೇಶನ್ ಸಿಗಬೇಕಾದರೆ ನಾನು ಮಾಳಿಗೆ ಹತ್ತಿ ನೀರಿನ ಟಾಕಿಗೆ ಬೆನ್ನು ಹಚ್ಚಿ ನಿಲ್ಲಬೇಕು. ಚಳಿಯಲ್ಲಿ ಒಂದು ವಾರ ಹಾಗೆ ನಿಂತೆ. ಬಂದದ್ದು ಹಾಡು, ಹಾಡು, ಮತ್ತೆ ಹಾಡು. ಮಾತನಾಡುವವರು ಯಾರೂ ಸತ್ತುಹೋಗಿಲ್ಲ ತಾನೆ?

ಹದಿಮೂರು ವರ್ಷದಲ್ಲಿ ಈ ಸ್ಟೇಶನ್ನು ಎಷ್ಟು ವೇಷ ಹಾಕಿತು ಎಂದು ಎಣಿಸುತ್ತಿದ್ದೆ. ಮಾಸ್ತರರು ಗೋಕಾಕದಲ್ಲಿ ಶುರು ಮಾಡಿದಾಗ ಬೀಸುವ ಪದ, ಬೆಲ್ಲದ ಧಾರಣೆ, ನೀರಿನ ಸುದ್ದಿ, ಕೇಳುಗರ ಕಾಗದ ಇಷ್ಟೇ ಇದ್ದವು. ಆಮೇಲೆ ಮೆಚ್ಚಿನ ಹಾಡು ಬಂತು. ಒಂದು ಹಾಡಿಗೆ ಮೂಡಲಗಿಯಿಂದ ನಲವತ್ತು ಹೆಸರು, ಹುಕ್ಕೇರಿಯಿಂದ ಮೂವತ್ತು. ಹೆಸರು ಓದಿ ಮುಗಿಸುವುದರೊಳಗೆ ಹಾಡಿಗೆ ಹೊತ್ತು ಇರುತ್ತಿರಲಿಲ್ಲ. ಮಾಸ್ತರರು ತೀರಿಕೊಂಡ ಮೇಲೆ ಅವರ ಮಗ ಮಹೇಶ ಬಂದ. ಯಾರದೋ ಮನೆಗೆ ಫೋನು ಮಾಡಿ ನಿಮ್ಮ ಎಮ್ಮೆ ಠಾಣೆಯಲ್ಲಿದೆ ಎಂದು ಹೆದರಿಸಿ ನಗುವ ಕಾರ್ಯಕ್ರಮ ತಂದ. ಎರಡು ವರ್ಷ ಅದನ್ನು ನಾನೇ ನಡೆಸಿದೆ, ಪಗಾರಕ್ಕಾಗಿ. ಅದು ಸಾಕಾಗಿ ಇಡೀ ದಿನ ಪ್ರವಚನ. ಪ್ರವಚನ ಸಾಕಾಗಿ ಈಗ 'ಮಾತು ಕಡಿಮೆ, ಹಾಡು ಜಾಸ್ತಿ'. ಇಷ್ಟೆಲ್ಲ ವೇಷದೊಳಗೂ ಆರೂವರೆಗೆ ಮೂರು ನಿಮಿಷ ನೀರಿನ ಸುದ್ದಿ ತಪ್ಪಿರಲಿಲ್ಲ.

ನನ್ನ ಅಕ್ಕ ರಾಯವ್ವ ನಿನಗೆ ಗೊತ್ತು. ಮೂಡಲಗಿ ತಾಲೂಕಿನ ನಮ್ಮೂರಲ್ಲೇ ಇದ್ದಾಳೆ. ಸಂಕ್ರಮಣ ಆದ ಮೇಲೆ ಹೊಳೆಯ ಉಸುಕಿನಲ್ಲಿ ಸೌತೆ ಹಾಕುತ್ತಾಳೆ, ಮೋಟರನ್ನು ಹರಿಯುವ ನೀರಿಗೆ ಇಳಿಸುತ್ತಾಳೆ. ಹಿಡಕಲ್ ಅಣೆಕಟ್ಟು ತುಂಬಿದ್ದರೂ ಬತ್ತಿದ್ದರೂ ಬೇಸಿಗೆಯಲ್ಲಿ ಕೆಳಗಿನವರಿಗೆ ಕುಡಿಯುವ ನೀರು ಬಿಡಲೇಬೇಕು. ಬಿಡುವುದು ಮೊದಲೇ ಗೊತ್ತಾದರೆ ಮೋಟರು ಮೇಲೆ ಬರುತ್ತದೆ, ಅಕ್ಕನೂ ಮೇಲೆ ಬರುತ್ತಾಳೆ. ಗೊತ್ತಾಗದಿದ್ದರೆ ಎರಡೂ ಹೊಳೆಯಲ್ಲಿ ಇರುತ್ತವೆ. ಅರವತ್ತೆಂಟು ವರ್ಷದವಳು. ಇಷ್ಟು ಹೇಳಿದರೆ ಸಾಕು.

ಸತ್ಯಪ್ಪ


ಗೋಕಾಕ
೨೯ ಜನವರಿ ೨೦೨೪

ಸತ್ಯಪ್ಪ ಕಾಕಾ ಅವರಿಗೆ,
ಜೈ ಭೀಮ್.

ಉತ್ತರ ತಡವಾಯಿತು, ಸಿಟ್ಟಾಗಬೇಡಿ. ನೀರಿನ ಸುದ್ದಿಯನ್ನು ನಿಲ್ಲಿಸಿಲ್ಲ. ಅಣೆಕಟ್ಟಿನ ಕಡೆಯಿಂದ ಸೂಚನೆ ಬಂದ ದಿನ ಹಾಡುಗಳ ನಡುವೆ ಜಾಗ ಸಿಕ್ಕಾಗ ಕಂಪ್ಯೂಟರಿನ ದನಿಯಲ್ಲಿ ಹಾಕುತ್ತೇವೆ. ಹೊತ್ತು ಮಾತ್ರ ಗೊತ್ತುಪಡಿಸಿಲ್ಲ.

ಮಹೇಶ ಸರ್ ಒಂದು ಸಮೀಕ್ಷೆ ಮಾಡಿಸಿದರು. ನಮ್ಮ ಕೇಳುಗರು ಸರಾಸರಿ ಏಳು ನಿಮಿಷ ಕೇಳುತ್ತಾರಂತೆ, ಮಾತು ಶುರುವಾದರೆ ಬೇರೆ ಸ್ಟೇಶನ್ನಿಗೆ ಹೋಗುತ್ತಾರಂತೆ. ಅದಕ್ಕೇ ಉದ್ಘೋಷಕರು ಯಾರೂ ಇಲ್ಲ, ಹೆಸರು ಹೇಳುವುದಂತೂ ಪೂರ್ತಿ ಬಂದ್ ಆಗಿದೆ. ಜನ ನೆನಪಿಡಬೇಕಾದದ್ದು ಸ್ಟೇಶನ್ನಿನ ಹೆಸರು ಮಾತ್ರ ಎಂಬುದು ಸರ್ ಅವರ ಅಭಿಪ್ರಾಯ. ಅವರು ಹೆಚ್ಚಾಗಿ ಬೆಳಗಾವಿಯಲ್ಲೇ ಇರುತ್ತಾರೆ. ಇಲ್ಲಿ ನಾನು ಮತ್ತು ಕಂಪ್ಯೂಟರ್ ನೋಡಿಕೊಳ್ಳುವ ಸುಮನ್, ಇಬ್ಬರೇ.

ರಾಯವ್ವ ಅತ್ತೆಗೆ ಒಂದು ಸ್ಮಾರ್ಟ್‌ಫೋನ್ ಕೊಡಿಸಿದರೆ ಆಗದೇ? ಹೊಳೆದಂಡೆಯ ಊರುಗಳಿಗೆಲ್ಲ ವಾಟ್ಸಾಪ್ ಗ್ರೂಪ್ ಇದೆ. ಮಾಳಿಗೆಯ ಮೇಲೆ ಚಳಿಯಲ್ಲಿ ನಿಲ್ಲಬೇಡಿ. ಆರೋಗ್ಯ ನೋಡಿಕೊಳ್ಳಿ.

ನಿಮ್ಮ,
ಆಮ್ರಪಾಲಿ


ಹುಕ್ಕೇರಿ
೧೬ ಫೆಬ್ರವರಿ ೨೦೨೪

ಆಮ್ರಪಾಲಿಗೆ,

ಆರೋಗ್ಯದ ಮಾತು ಆಮೇಲೆ. ಊರಿಗೆ ಹೋಗಿ ಬಂದೆ. ಅಲ್ಲಿ ನೋಡಿದ್ದನ್ನು ಬರೆಯುತ್ತೇನೆ, ಓದಿ ನಗಬೇಡ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಉಸುಕಿನ ಮೇಲೆ ಅಕ್ಕನ ಜೊತೆ ಕೂತಿದ್ದೆ. ಅವಳ ಬಟನ್ ಫೋನಿನ ರೇಡಿಯೋದಲ್ಲಿ ಹಾಡು ನಿಂತು ಹಲಗಿಯ ಬಡಿತ ಬಂತು. ಮೂರು ಪೆಟ್ಟು, ತುಸು ತಡೆದು ಮತ್ತೆ ಮೂರು ಪೆಟ್ಟು. ಹೊಳೆಗೆ ನೀರು ಬಿಡುತ್ತಾರೆಂದು ಹದಿಮೂರು ವರ್ಷದಿಂದ ನಮ್ಮ ಸ್ಟೇಶನ್ನು ಸಾರುವುದು ಆ ಸದ್ದಿನಿಂದಲೇ. ಸುದ್ದಿ ಪೂರ್ತಿ ಕೇಳುವ ರೂಢಿಯೇ ಅಲ್ಲಿ ಯಾರಿಗೂ ಇಲ್ಲ. ಹಲಗಿ ಬಂತೆಂದರೆ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಹಗ್ಗಕ್ಕೆ ಓಡುತ್ತಾರೆ. ಬಾಜೂ ಪಟ್ಟಿಯ ಲಕ್ಕಪ್ಪ ಕೂಗಿದ, ಹತ್ತು ಹನ್ನೆರಡು ಮಂದಿ ಸೇರಿ ಹನ್ನೊಂದು ಮೋಟರುಗಳನ್ನು ಎಳೆದು ದಂಡೆಗೆ ಹಾಕಿದರು. ನಾನೂ ಎಳೆದೆ, ಸೊಂಟ ಇನ್ನೂ ನೋಯುತ್ತಿದೆ. ನೀರು ಬರಲಿಲ್ಲ. ಮತ್ತೆ ಇಳಿಸಿದರು. ಹನ್ನೊಂದಕ್ಕೆ ಮತ್ತೆ ಹಲಗಿ, ಮತ್ತೆ ಎಳೆದರು. ಹನ್ನೆರಡಕ್ಕೆ ಮತ್ತೆ ಹಲಗಿ. ಆಗ ಲಕ್ಕಪ್ಪ ರೇಡಿಯೋವನ್ನು ಕಿವಿಗೆ ಹಿಡಿದು ಪೂರ್ತಿ ಕೇಳಿದ. ಹಲಗಿಯ ಬೆನ್ನಿಗೇ ಒಬ್ಬ ಹೆಣ್ಣುಮಗಳು ತಲೆಗೂದಲ ಎಣ್ಣೆಯ ಗುಣಗಾನ ಮಾಡಿದಳು. ಉದ್ದ, ಕಪ್ಪು, ಸೊಂಪು.

"ಏನ್ರಿ ಸತ್ಯಪ್ಪಣ್ಣ, ನಿಮ್ಮ ರೇಡಿಯೋದಾವ್ರು ನಮಗ ಎಣ್ಣಿ ಹಚ್ಚಾಕತ್ತಾರೇನು?" ಎಂದು ಲಕ್ಕಪ್ಪ ಕೇಳಿದ. ಎಲ್ಲರೂ ನನ್ನ ಮುಖ ನೋಡಿದರು. ಅವರ ಕಣ್ಣಿಗೆ ನಾನು ಇನ್ನೂ ರೇಡಿಯೋದವನೇ.

ಮಹೇಶನ ಬುದ್ಧಿ ಮಣ್ಣು ತಿಂದಿದೆಯೇನು? ತಂದೆ ಕಟ್ಟಿದ್ದನ್ನು ಎಣ್ಣೆಗೆ ಮಾರಿದನಲ್ಲ. ಎಲ್ಲವನ್ನೂ ಬಿಟ್ಟು ಇದೇ ಸದ್ದು ಬೇಕಾಗಿತ್ತೇ ಅವನಿಗೆ? ನೀನು ಅಲ್ಲಿ ಕೂತು ಏನು ಮಾಡುತ್ತಿದ್ದೀ? ಬಾಯಿಗೆ ಬೀಗ ಹಾಕಿಕೊಂಡಿದ್ದೀಯಾ? ನಾಳೆಯಿಂದಲೇ ನಿಲ್ಲಿಸು.

ಸತ್ಯಪ್ಪ


ಗೋಕಾಕ
೧ ಮಾರ್ಚ್ ೨೦೨೪

ಸತ್ಯಪ್ಪ ಕಾಕಾ ಅವರಿಗೆ,

ನಿಮ್ಮ ಸಿಟ್ಟು ಸಹಜವೇ. ಆದರೆ ಎಣ್ಣೆಯವರ ಜೊತೆ ಕರಾರು ಆಗಿದೆ. ಮೇ ಕೊನೆಯವರೆಗೆ ತಾಸಿಗೊಮ್ಮೆ ಅದೇ ಸದ್ದಿನೊಂದಿಗೆ ಜಾಹೀರಾತು ಹೋಗಬೇಕು. ಸದ್ದನ್ನು ಅವರೇ ಮೆಚ್ಚಿಕೊಂಡರು. ಸ್ಟೇಶನ್ನು ಈ ವರ್ಷ ಉಸಿರಾಡುತ್ತಿರುವುದೇ ಆ ಜಾಹೀರಾತಿನಿಂದ. ನಡುವೆ ಬಿಟ್ಟರೆ ಬಾಗಿಲು ಹಾಕಬೇಕಾಗುತ್ತದೆ. ಸುಮನ್‌ಗೆ ಎರಡು ತಿಂಗಳ ಪಗಾರ ಬಂದಿಲ್ಲ, ನನಗೆ ಮೂರು.

ನೀರಿನ ಸುದ್ದಿ ಇದ್ದಾಗ ಹಲಗಿಯ ಬೆನ್ನಿಗೆ ಸುದ್ದಿ ಬರುತ್ತದೆ, ಇಲ್ಲದಾಗ ಜಾಹೀರಾತು. ಎರಡು ಕ್ಷಣ ಕೇಳಿದರೆ ಯಾವುದೆಂದು ತಿಳಿಯುತ್ತದೆ. ಊರವರಿಗೆ ಅಷ್ಟು ಹೇಳಿ ಕಾಕಾ. ಮೂರು ತಿಂಗಳ ಮಾತು.

ಆಮ್ರಪಾಲಿ


ಹುಕ್ಕೇರಿ
೧೦ ಮಾರ್ಚ್ ೨೦೨೪

ಆಮ್ರಪಾಲಿಗೆ,

ಎರಡು ಕ್ಷಣ ಕೇಳಿರಿ ಎಂದು ಹೇಳಿದೆ. ಅವರು ಕೇಳುವುದಿಲ್ಲ. ಈಗ ಹಲಗಿ ಬಂದರೆ ಯಾರೂ ತಲೆ ಎತ್ತಿಯೂ ನೋಡುವುದಿಲ್ಲ. ಲಕ್ಕಪ್ಪನ ಮೊಮ್ಮಕ್ಕಳು ಆ ತಾಳಕ್ಕೆ ಕುಣಿಯುತ್ತಾರೆ.

ಪಗಾರದ ವಿಷಯ ನನಗೆ ಗೊತ್ತಿರಲಿಲ್ಲ. ಆದರೂ ನೀನು ಮಾಡಿದ್ದು ಸರಿಯಲ್ಲ. ಅಕ್ಕ ದಿನಾ ಉಸುಕಿಗೆ ಇಳಿಯುತ್ತಾಳೆ.

ಸತ್ಯಪ್ಪ


ಗೋಕಾಕ
೧೩ ಏಪ್ರಿಲ್ ೨೦೨೪

ಸತ್ಯಪ್ಪ ಕಾಕಾ ಅವರಿಗೆ,

ನಿನ್ನೆಯಿಂದ ನಿಮಗೆ ಹದಿನೇಳು ಸಲ ಫೋನು ಮಾಡಿದೆ. ರಿಂಗಾಗುತ್ತದೆ, ಎತ್ತುವುದಿಲ್ಲ. ಸಿಟ್ಟಿನಿಂದ ಎತ್ತುತ್ತಿಲ್ಲ ಎಂದುಕೊಂಡಿದ್ದೇನೆ. ಹಾಗೇ ಇರಲಿ.

ಮೊನ್ನೆ ಮಧ್ಯಾಹ್ನ ನಾಲ್ಕಕ್ಕೆ ಸೂಚನೆ ಬಂತು. ಮರುದಿನ ಬೆಳಿಗ್ಗೆ ಐದಕ್ಕೆ ಧುಪದಾಳದಲ್ಲಿ ಗೇಟು ಎತ್ತುತ್ತಾರೆ, ಏಳರ ಹೊತ್ತಿಗೆ ಕೆಳಗಿನ ಊರುಗಳ ಹೊಳೆಯಲ್ಲಿ ನೀರು ಏರುತ್ತದೆ ಎಂದು. ನಾಲ್ಕು ಇಪ್ಪತ್ತಕ್ಕೆ, ಐದು ಹದಿನೈದಕ್ಕೆ, ಆರು ನಲವತ್ತಕ್ಕೆ, ಮೂರು ಸಲ ಹಾಕಿಸಿದೆ. ಪ್ರತಿ ಸಲ ಮೊದಲು ಹಲಗಿ, ಆಮೇಲೆ ಸುದ್ದಿ. ನಾನು ನನ್ನ ಕೆಲಸ ಮಾಡಿದ್ದೇನೆ.

ಅತ್ತೆ ಕೇಳಿಸಿಕೊಂಡರಲ್ಲವೇ? ಮೋಟರು ಮೇಲೆ ಬಂತೇ? ಒಂದು ಸಾಲು ಬರೆಯಿರಿ. ಬೈದಾದರೂ ಬರೆಯಿರಿ.

ಆಮ್ರಪಾಲಿ


ಹುಕ್ಕೇರಿ
೨೭ ಏಪ್ರಿಲ್ ೨೦೨೪

ಆಮ್ರಪಾಲಿಗೆ,

ನಿನ್ನ ಕಾಗದ ನನ್ನ ಕೈಗೆ ಸಿಕ್ಕಿದ್ದು ಮೊನ್ನೆ. ಹದಿಮೂರು ದಿನ ನಾನು ಹುಕ್ಕೇರಿಯಲ್ಲಿ ಇರಲಿಲ್ಲ, ಗೋಕಾಕದಲ್ಲಿ ಇದ್ದೆ. ಅಕ್ಕನನ್ನು ಹಾಕಿದ್ದ ಆಸ್ಪತ್ರೆಯಿಂದ ನಿಮ್ಮ ಸ್ಟೇಶನ್ನಿಗೆ ನಡೆದು ಬಂದರೆ ಹತ್ತು ನಿಮಿಷ. ದಿನಾ ಸಂಜೆ ಚಹಾಕ್ಕೆ ಹೊರಗೆ ಬಂದಾಗ ನಿಮ್ಮ ಬೋರ್ಡು ಕಾಣುತ್ತಿತ್ತು. ಒಳಗೆ ಬರಬೇಕು ಎನಿಸಲಿಲ್ಲ.

ಆ ಸಂಜೆ ಅಕ್ಕ ಹಲಗಿ ಕೇಳಿದ್ದಾಳೆ. ಮೂರು ಸಲವೂ ಕೇಳಿದ್ದಾಳೆ. "ಎಣ್ಣಿ ಬಂತಂತ ಬಂದ್ ಮಾಡಿನಿ" ಎಂದಳು. ಅವಳಿಗೆ ನೀನು ಹೇಳಿದ ಎರಡು ಕ್ಷಣದ ತಾಳ್ಮೆ ಇರಲಿಲ್ಲ. ದಿನಕ್ಕೆ ಹನ್ನೆರಡು ಸಲ ಸುಳ್ಳು ಕೇಳಿದವರಿಗೆ ಎಲ್ಲಿಂದ ಬರಬೇಕು?

ಬೆಳಿಗ್ಗೆ ಸೌತೆ ಹರಿಯಲು ಇಳಿದಿದ್ದಳು. ನೀರು ಪಾದಕ್ಕೆ ಬಂದಾಗ ದಂಡೆ ಹತ್ತಬಹುದಾಗಿತ್ತು. ಹತ್ತಲಿಲ್ಲ, ಮೋಟರಿನ ಹಗ್ಗಕ್ಕೆ ಹೋದಳು. ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಎಳೆದಳು. ನೀರು ಮೋಟರನ್ನು ತನ್ನ ಕಡೆ ಎಳೆಯಿತು. ಲಕ್ಕಪ್ಪ ಕುಡುಗೋಲಿನಿಂದ ಹಗ್ಗ ಕೊಯ್ದು ಅವಳನ್ನು ಹೊರಗೆ ತಂದ. ಬಲಗೈ ಎರಡು ಕಡೆ ಮುರಿದಿದೆ. ಮೋಟರು ಹೋಯಿತು, ಬೆಳೆ ಹೋಯಿತು. ಅವಳು ಉಳಿದಳು, ಅದು ಲಕ್ಕಪ್ಪನ ಪುಣ್ಯ. ನಿಮ್ಮ ವಾಟ್ಸಾಪ್ ಗ್ರೂಪಿನಲ್ಲೂ ಸೂಚನೆ ಬಂದಿತ್ತಂತೆ. ಅದು ನಲವತ್ತು ಶುಭೋದಯದ ಹೂವುಗಳ ಕೆಳಗೆ ಇತ್ತು. ಲಕ್ಕಪ್ಪ ನೋಡಿದ್ದು ಆಸ್ಪತ್ರೆಯಲ್ಲಿ.

ನೀನು ನಿನ್ನ ಕೆಲಸ ಮಾಡಿದ್ದೀ ಎಂದು ಬರೆದಿದ್ದೀ. ಓದಿದೆ.

ಸತ್ಯಪ್ಪ


ಗೋಕಾಕ
೬ ಮೇ ೨೦೨೪

ಕಾಕಾ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು, ಇದನ್ನು ಹರಿಯುವುದಿಲ್ಲ.

ಸದ್ದನ್ನು ಎಣ್ಣೆಯವರು ಮೆಚ್ಚಿಕೊಂಡರು ಎಂದು ಬರೆದಿದ್ದೆ. ಅದು ಅರ್ಧ ಮಾತು. ಅವರು ನೆಲದ ವಾಸನೆ ಇರುವ ಸದ್ದು ಬೇಕೆಂದರು. ಹಳೆಯ ಧ್ವನಿಮುದ್ರಣಗಳ ಪೆಟ್ಟಿಗೆ ತೆಗೆದು ಮೂರು ಸದ್ದು ಆರಿಸಿದವಳು ನಾನು. ಹಲಗಿಯನ್ನು ಮೊದಲು ಕೇಳಿಸಿದವಳೂ ನಾನು. ಮಹೇಶ ಸರ್ "ಇದು ನೀರಿನ ಸುದ್ದೀದಲ್ಲೇನು?" ಎಂದು ಕೇಳಿದ್ದರು. ಈಗ ಅದನ್ನು ಯಾರು ಕೇಳುತ್ತಾರೆ ಸರ್, ಎಲ್ಲರಿಗೂ ಮೊಬೈಲಿನಲ್ಲಿ ಬರುತ್ತದೆ ಎಂದು ಹೇಳಿದ್ದೂ ನಾನೇ. ಆರೂವರೆಯ ಹೊತ್ತನ್ನು ತೆಗೆದದ್ದೂ ನಾನೇ. ನೀವು ಅದಕ್ಕೆಲ್ಲ ಸರ್ ಅವರನ್ನು ಬೈದು ಬರೆದಿರಿ. ಓದಿ ಸುಮ್ಮನಿದ್ದೆ.

ಒಳ್ಳೆಯ ಸದ್ದು ಪೆಟ್ಟಿಗೆಯಲ್ಲಿ ಕೊಳೆಯುವುದು ಬೇಡ ಎನಿಸಿತ್ತು. ಯಾವುದೋ ಜಾನಪದ ಮೇಳದ್ದು ಎಂದುಕೊಂಡಿದ್ದೆ. ಅದನ್ನು ಕೇಳಿ ಓಡುವ ಜನ ಇನ್ನೂ ಇದ್ದಾರೆ ಎಂದು ನೀವು ಫೆಬ್ರವರಿಯಲ್ಲಿ ಬರೆದಾಗ ನನಗೆ ಹೆದರಿಕೆಯಾಯಿತು. ಹೆದರಿಕೆಗೇ ಕರಾರಿನ ಮಾತು ಬರೆದೆ.

ನಿನ್ನೆ ಹಲಗಿಯನ್ನು ತೆಗೆಸಿದೆ. ಎಣ್ಣೆಯವರು ಹೋದರೆ ಹೋಗಲಿ. ಅತ್ತೆಯನ್ನು ನೋಡಲು ಬರುವ ಮುಖ ನನಗಿಲ್ಲ. ಬೈಯಿರಿ.

ಆಮ್ರಪಾಲಿ


ಹುಕ್ಕೇರಿ
೧೪ ಮೇ ೨೦೨೪

ಆಮ್ರಪಾಲಿಗೆ,

ಬೈಯಬೇಕೆಂದೇ ಪೆನ್ನು ಹಿಡಿದೆ. ಬೈಯಲು ಕೂತರೆ ನನ್ನ ಸರದಿಯೂ ಬರುತ್ತದೆ.

ಆ ಹಲಗಿ ಯಾವ ಮೇಳದ್ದೂ ಅಲ್ಲ. ಬಡಿದವನು ನಾನು. ನಮ್ಮಪ್ಪ ಊರಲ್ಲಿ ಡಂಗುರ ಸಾರುತ್ತಿದ್ದ. ಹೊಳೆಗೆ ನೀರು ಬಂದರೆ, ತಹಶೀಲ್ದಾರರು ಬಂದರೆ, ಯಾರದೋ ಎತ್ತು ಕಳೆದರೆ ಹಲಗಿ ಹಿಡಿದು ಓಣಿ ಓಣಿ ತಿರುಗಬೇಕು. ಊರಿಗೆ ಅವನು ಹಲಗ್ಯಾಂವ. ಸಿದ್ರಾಯ ಎಂಬ ಹೆಸರು ಮತದಾರರ ಪಟ್ಟಿಯಲ್ಲಿ ಮಾತ್ರ ಇತ್ತು. ಧಮ್ಮ ದೀಕ್ಷೆ ತೆಗೆದುಕೊಂಡ ದಿನ ಹಲಗಿ ಕೆಳಗಿಟ್ಟ, ಮತ್ತೆ ಮುಟ್ಟಲಿಲ್ಲ, ನಮಗೂ ಮುಟ್ಟಗೊಡಲಿಲ್ಲ. ಮಾಸ್ತರರು ನೀರಿನ ಸುದ್ದಿಗೆ ಒಂದು ಸದ್ದು ಬೇಕು ಎಂದಾಗ ನಾನು ಬೇರೆಯವರ ಹಲಗಿ ತಂದು, ಸ್ಟುಡಿಯೋದ ಬಾಗಿಲು ಹಾಕಿ, ಅಪ್ಪ ಬಡಿಯುತ್ತಿದ್ದಂತೆಯೇ ಮೂರು ಮೂರು ಬಡಿದೆ. ಯಾರಿಗೂ ಹೇಳಲಿಲ್ಲ. ಅಕ್ಕ ಮೊದಲ ದಿನವೇ ಗುರುತು ಹಿಡಿದಳು. "ಅಪ್ಪ ಬಿಟ್ಟದ್ದನ್ನ ನೀ ಮಶೀನಿನ್ಯಾಗ ಬಡಿಯಾಕತ್ತೀಯಲ್ಲ" ಎಂದವಳು ಎರಡು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದಳು. ಆದರೂ ಸದ್ದು ಬಂದಾಗಲೆಲ್ಲ ಮೋಟರು ಎತ್ತಿದಳು.

ಇನ್ನೊಂದು. ಅವಳ ಮಗಳು ಶೋಭಾ ಹೋದ ವರ್ಷ ದೊಡ್ಡ ಫೋನು ತಂದಿದ್ದಳು. ಬೇಡ ಎಂದು ಹಿಂದಕ್ಕೆ ಕಳಿಸಿದವನು ನಾನು. ನನ್ನ ರೇಡಿಯೋ ಇರುವಾಗ ಆ ಡಬ್ಬಿ ಯಾಕೆ ಎಂದೆ. ಕೆಲಸ ಬಿಟ್ಟು ಮನೆಯಲ್ಲಿ ಕೂತವನಿಗೆ ಅಷ್ಟೊಂದು ಸೊಕ್ಕು.

ನಿನ್ನ ಕಾಗದವನ್ನು ಅಕ್ಕನಿಗೆ ಓದಿ ಹೇಳಿದೆ. ಪ್ಲಾಸ್ಟರಿನ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಪೂರ್ತಿ ಕೇಳಿದಳು. ಅಳಲಿಲ್ಲ, ಶಾಪ ಹಾಕಲಿಲ್ಲ. ಹೇಳಿದ್ದನ್ನು ಹೇಳಿದಂತೆ ಬರೆಯುತ್ತೇನೆ:

"ಹಲಗಿ ಬ್ಯಾಡ, ಹಾಡೂ ಬ್ಯಾಡ. ಬಾಯಿಲೆ ಹೇಳಲಿ. ಹೇಳಾಕಿ ತನ್ನ ಹೆಸರ ಹೇಳಲಿ. ನಾಳಿ ಸುಳ್ಳಾದ್ರ ಯಾರನ್ನ ಬೈಬೇಕಂತ ನಮಗ ಗೊತ್ತಿರಬೇಕಲ್ಲ."

ಇಷ್ಟೇ ಅವಳ ಬೇಡಿಕೆ. ನಿಮ್ಮಲ್ಲಿ ಹೆಸರು ಹೇಳುವುದು ಬಂದ್ ಆಗಿದೆ ಎಂದು ನಾನು ಅವಳಿಗೆ ಹೇಳಲಿಲ್ಲ.

ಸತ್ಯಪ್ಪ


ಗೋಕಾಕ
೨೬ ಮೇ ೨೦೨೪, ರವಿವಾರ

ಕಾಕಾ,

ಇಂದು ಮಧ್ಯಾಹ್ನ ಸೂಚನೆ ಬಂತು. ನಾಳೆ ಬೆಳಿಗ್ಗೆ ಎಂಟಕ್ಕೆ ಗೇಟು, ಹತ್ತಕ್ಕೆ ನಿಮ್ಮೂರಿಗೆ ನೀರು. ಮೈಕು ತೆಗೆಯಲು ಸುಮನ್‌ಗೆ ಹೇಳಿದೆ. ಉದ್ಘೋಷಕರು ಹೋದ ಮೇಲೆ ಅದಕ್ಕೆ ಯಾರೂ ಬಾಯಿ ಹಚ್ಚಿಲ್ಲ. ಅವನು ಅದರ ಮೇಲೆ ತನ್ನ ಹೆಲ್ಮೆಟ್ ಇಡುತ್ತಿದ್ದ. ಧೂಳು ಒರೆಸಿ ಕೊಟ್ಟ. ನಡೆಯುತ್ತಿದ್ದ ಹಾಡನ್ನು ನಡುವೆಯೇ ಕಡಿದು ಮಾತನಾಡಿದೆ. ಸಂಜೆ ಆರೂವರೆಗೆ ಮತ್ತೊಮ್ಮೆ. ನನ್ನ ಹೆಸರು ಹೇಳಿದೆ, ನನ್ನ ಊರು ಹೇಳಿದೆ, ಅರ್ಜುನ ಅವರ ಮಗಳು ಎಂದೂ ಹೇಳಿದೆ. ನಿಮ್ಮಿಂದ ಕಲಿತದ್ದೆಲ್ಲ ಮರೆತುಹೋಗಿತ್ತು. ಎರಡು ಕಡೆ ತಡವರಿಸಿದೆ.

ಮೈಕು ಬಂದ್ ಮಾಡುವ ಮೊದಲೇ ಬೆಳಗಾವಿಯಿಂದ ಫೋನು ಬಂತು. ಹೆಸರು ಯಾಕೆ ಹೇಳಿದೆ ಎಂದು ಸರ್ ಕೇಳಿದರು.

"ಬೈಯೋರಿಗೆ ಬೇಕಂತ್ರಿ ಸರ್" ಎಂದೆ.

ಅವರು ನಾಳೆ ಹನ್ನೊಂದಕ್ಕೆ ಬೆಳಗಾವಿಗೆ ಬಂದು ಕಾಣಲು ಹೇಳಿದರು. ಎಣ್ಣೆಯವರು ಆಗಲೇ ಹೋಗಿದ್ದಾರೆ. ಇನ್ನು ನನ್ನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲ. ಬಸ್ಸು ಹತ್ತುವ ಮೊದಲು ಬೆಳಿಗ್ಗೆ ಆರೂವರೆಗೆ ಇನ್ನೊಮ್ಮೆ ಹೇಳುತ್ತೇನೆ. ಅತ್ತೆ ಕೇಳದಿದ್ದರೂ ಹೇಳುತ್ತೇನೆ.

ಆಮ್ರಪಾಲಿ


ಹುಕ್ಕೇರಿ
೩೦ ಮೇ ೨೦೨೪

ಆಮ್ರಪಾಲಿಗೆ,
ಜೈ ಭೀಮ್.

ರವಿವಾರ ನಾನು ಊರಲ್ಲೇ ಇದ್ದೆ. ನಿನ್ನ ಕಾಗದ ಬರುವ ಮೊದಲೇ ನಿನ್ನ ದನಿ ಬಂದಿತ್ತು. ಎರಡಲ್ಲ, ನಾಲ್ಕು ಕಡೆ ತಡವರಿಸಿದೆ. ಅಂಕಿ ಹೇಳುವಾಗ ಓಡುತ್ತೀ. ಇಷ್ಟು ವರ್ಷ ನಾನು ಕಲಿಸಿದ್ದು ಹೊಳೆಯಲ್ಲಿ ಹೋಯಿತು ಎಂದುಕೊಂಡೆ.

ಅಕ್ಕ ಪೂರ್ತಿ ಕೇಳಿದ ಮೇಲೆ ರೇಡಿಯೋ ಬಂದ್ ಮಾಡಿದಳು. ಸೋಮವಾರ ಬೆಳಿಗ್ಗೆ ನೀನು ಮತ್ತೆ ಹೇಳಿದಾಗ ಎದ್ದಳು. ಅವಳಿಗೆ ಈಗ ಮೋಟರೂ ಇಲ್ಲ, ಬೆಳೆಯೂ ಇಲ್ಲ, ಹೊಳೆಯಲ್ಲಿ ಅವಳದು ಅಂತ ಏನೂ ಇಲ್ಲ. ಆದರೂ ಪ್ಲಾಸ್ಟರಿನ ಕೈಗೆ ಸೀರೆಯ ಸೆರಗು ಕಟ್ಟಿಕೊಂಡು ದಂಡೆಗೆ ನಡೆದಳು. ನಾನು ಹಿಂದೆ ಹೋದೆ. ಕೆಳಗೆ ಲಕ್ಕಪ್ಪ ಮತ್ತು ಉಳಿದವರು ಮತ್ತೆ ಹಾಕಿದ ಬಳ್ಳಿಗೆ ನೀರು ಬಿಡುತ್ತಿದ್ದರು. ಮೋಟರು ಎತ್ತಿರಿ ಎಂದು ಕೂಗಿದಳು. ಲಕ್ಕಪ್ಪ ಮೊಬೈಲು ತೆಗೆದು ನೋಡಿ ಗ್ರೂಪಿನಲ್ಲಿ ಏನೂ ಬಂದಿಲ್ಲ ಎಂದ. ಹಲಗಿಯೂ ಆಗಿಲ್ಲ, ಯಾರು ಹೇಳಿದರು ಎಂದು ಇನ್ನೊಬ್ಬ ಕೇಳಿದ.

"ಆಮ್ರಪಾಲಿ ಹೇಳ್ಯಾಳ. ಎತ್ತ್ರಿ" ಎಂದಳು.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎತ್ತಿದರು. ಎಲ್ಲ ಮೋಟರುಗಳೂ ದಂಡೆಗೆ ಬರುವವರೆಗೆ ಅವಳು ಅಲ್ಲಿಂದ ಕದಲಲಿಲ್ಲ. ನನ್ನ ಅಪ್ಪ ನಲವತ್ತು ವರ್ಷ ಸಾರಿದ, ಆ ದಂಡೆಯಲ್ಲಿ ಯಾರೂ ಒಮ್ಮೆಯೂ ಸಿದ್ರಾಯ ಹೇಳಿದ ಎಂದದ್ದನ್ನು ನಾನು ಕೇಳಿಲ್ಲ. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ, ಮರದ ಹಿಂದೆ ಹೋಗಿ ಮುಖ ಒರೆಸಿಕೊಂಡು ಬಂದೆ.

ಮಹೇಶ ಏನಂದ? ತಕ್ಷಣ ಬರೆ. ತೆಗೆದುಹಾಕಿದ್ದರೆ ನಾನೇ ಬೆಳಗಾವಿಗೆ ಬರುತ್ತೇನೆ, ಅಕ್ಕನೂ ಬರುತ್ತಾಳಂತೆ.

ನೀರು ನೀನು ಹೇಳಿದ್ದಕ್ಕಿಂತ ಅರ್ಧ ತಾಸು ತಡವಾಗಿ ಬಂತು. ಆ ಅರ್ಧ ತಾಸೂ ಅಕ್ಕ ನಿನ್ನ ಹೆಸರು ಹಿಡಿದು ಬೈದಳು.

ಸತ್ಯಪ್ಪ